ಒದ್ದೆ ಬಟ್ಟೆಯ ಥರ್ಮಾಮೀಟರು

ನಮ್ಮ ಮನೆಗೆ ಬಂದವರು ಕಾಫಿಗೆ ಕಾಯುವ ಹೊತ್ತಿನಲ್ಲಿ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಗೋಡೆಯ ಮೇಲಿರುವುದು ಏನು ಅಂತ. ದೇವರ ಪಟಕ್ಕೂ ಕ್ಯಾಲೆಂಡರಿಗೂ ನಡುವೆ ಒಂದು ಮರದ ಹಲಗೆ, ಅದರ ಮೇಲೆ ಅಕ್ಕಪಕ್ಕ ಎರಡು ಗಾಜಿನ ಕೊಳವೆ. ಒಂದು ಕೊಳವೆಯ ತುದಿ ಬೋಳಾಗಿದೆ. ಇನ್ನೊಂದರ ತುದಿಗೆ ಚಿಂದಿ ಬಟ್ಟೆ ಸುತ್ತಿದೆ, ಬಟ್ಟೆಯ ಬಾಲ ಕೆಳಗಿನ ಪುಟ್ಟ ಬಟ್ಟಲಿಗೆ ಇಳಿಬಿದ್ದಿದೆ. ಥರ್ಮಾಮೀಟರು ಎಂದರೆ ಸುಮ್ಮನಾಗುವವರು ಕಡಿಮೆ. ನನ್ನ ಭಾವಮೈದ ಒಮ್ಮೆ ನೆಗಡಿ ಹಿಡಿಸಿಕೊಂಡು ಬಂದವನು ಅದನ್ನು ಕೆಳಗಿಳಿಸಿ, ಹಲಗೆ ಸಮೇತ ಕಂಕುಳಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಹತ್ತು ನಿಮಿಷ ಒದ್ದಾಡಿದ. ಅದು ಮನುಷ್ಯರ ಜ್ವರಕ್ಕಲ್ಲ, ಹೊಗೆಸೊಪ್ಪಿನ ಜ್ವರಕ್ಕೆ ಎಂದು ಹೇಳಿದ ಮೇಲೂ ಅವನಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.

ಇದು ಗೋಡೆಗೆ ಬಂದದ್ದಕ್ಕೆ ಒಂದು ಕತೆ ಇದೆ. ನನ್ನ ಮರ್ಯಾದೆಗೆ ಅಷ್ಟೇನೂ ಒಳ್ಳೆಯ ಕತೆಯಲ್ಲ. ಆದರೂ ನಿಮಗೆ ಹೇಳದೆ ಇನ್ನಾರಿಗೆ ಹೇಳಲಿ.

ನಾನು ಹುಣಸೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಈಚೆಗೆ ನಮ್ಮಲ್ಲಿ ಒಂದು ಹೊಸ ಪತ್ರಿಕೆ, ಅಂದರೆ ಪರೀಕ್ಷೆಗೆ ಹೊಸದೊಂದು ವಿಷಯ, ಶುರುವಾಯಿತು. ಹೆಸರು ‘ಜಾಗತಿಕ ಸವಾಲುಗಳು ಮತ್ತು ಸಾಮಾಜಿಕ ಹೊಣೆಗಾರಿಕೆ’. ಟೈಂಟೇಬಲ್ಲಿನ ಚೌಕದೊಳಗೆ ಇಷ್ಟುದ್ದ ಹಿಡಿಯದೆ ಗುಮಾಸ್ತರು ‘ಜಾ.ಸ.’ ಎಂದಷ್ಟೇ ಬರೆದರು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಯಾರು ಬೇಕಾದರೂ ಬಂದು ಕೂರಬಹುದು. ಆದರೆ ಒಂದು ಷರತ್ತು, ಪಾಠ ಮಾಡುವವರು ಬೇರೆ ಬೇರೆ ವಿಭಾಗದವರಾಗಿ ಒಟ್ಟಿಗೆ ನಿಂತು ಮಾಡಬೇಕು. ಪ್ರಪಂಚದ ತೊಂದರೆಗಳು ವಿಭಾಗ ನೋಡಿಕೊಂಡು ಬರುವುದಿಲ್ಲ ಎಂದು ಪ್ರಿನ್ಸಿಪಾಲರು ಗಂಭೀರವಾಗಿ ಹೇಳಿ ಮೂವರನ್ನು ಆರಿಸಿದರು. ಪ್ರಪಂಚವನ್ನು ಉಳಿಸಲು ನಮ್ಮಲ್ಲಿ ಏನು ಕಂಡರೋ ಎಂದು ನಾನು ಎರಡು ದಿನ ಉಬ್ಬಿಕೊಂಡಿದ್ದೆ. ಆಮೇಲೆ ತಿಳಿಯಿತು, ಗುರುವಾರ ಮಧ್ಯಾಹ್ನ ಖಾಲಿ ಇದ್ದವರು ನಾವು ಮೂವರೇ.

ಒಬ್ಬರು ಇತಿಹಾಸದ ಪುಟ್ಟಸ್ವಾಮಿ, ಕೆ.ಆರ್. ನಗರದ ಭತ್ತದ ಗದ್ದೆಯವರು. ಇನ್ನೊಬ್ಬರು ಅರ್ಥಶಾಸ್ತ್ರದ ಜಬೀನಾ ಮೇಡಂ, ಹುಣಸೂರು ಪೇಟೆಯವರೇ, ಮರಗೆಲಸದ ಮನೆತನ. ಅವರ ತಂದೆ ಮಾಡಿದ ಬಾಗಿಲುಗಳು ಈ ಊರಿನಲ್ಲಿ ಎಷ್ಟೋ ಮನೆಗಳಿಗಿವೆ. ಮೇಡಂ ಕೂಡ ಹಾಗೆಯೇ, ಮಾತು ಅಳತೆ ಹಿಡಿದು ಕೊಯ್ದ ಹಾಗೆ.

ಮೊದಲ ದಿನ ಮೂವರೂ ಒಟ್ಟಿಗೆ ವೇದಿಕೆ ಹತ್ತಿದಾಗ ಹುಡುಗರು ಸಂದರ್ಶನಕ್ಕೆ ಬಂದವರಂತೆ ನೆಟ್ಟಗೆ ಕೂತರು. ಯಾರು ಮೊದಲು ಮಾತಾಡುವುದು? ನೀವು ಹೇಳಿ, ಇಲ್ಲ ನೀವು ಹೇಳಿ ಎಂದು ಮದುವೆ ಮನೆಯ ಮೊದಲ ಪಂಕ್ತಿಯಲ್ಲಿ ನಡೆಯುವ ಉಪಚಾರ ಐದು ನಿಮಿಷ ನಡೆಯಿತು. ಕೊನೆಗೆ ಪುಟ್ಟಸ್ವಾಮಿ ಸಿಂಧೂ ಕಣಿವೆಯಿಂದ ಆರಂಭಿಸಿದರು. ಗಂಟೆ ಹೊಡೆದಾಗ ಇನ್ನೂ ಸಿಂಧೂ ಕಣಿವೆಯಲ್ಲೇ ಇದ್ದರು.

ನಾಲ್ಕು ವಾರ ಕಳೆಯುವಷ್ಟರಲ್ಲಿ ನಮಗೊಂದು ಹದ ಸಿಕ್ಕಿತು. ಇದು ಮುಯ್ಯಾಳಿನ ಹಾಗೆ ಎಂದರು ಪುಟ್ಟಸ್ವಾಮಿ. ಗೊತ್ತಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಜಬೀನಾ ಮೇಡಂ ತಲೆಯಾಡಿಸಿ, ಮುಯ್ಯಾಳು ಅಂದಮೇಲೆ ಬಂದವರು ಕೆಲಸ ಮಾಡಬೇಕು, ಹೋದ ವಾರ ನನ್ನ ಪಾಠದಲ್ಲಿ ನೀವಿಬ್ಬರೂ ತೂಕಡಿಸುತ್ತಿದ್ದಿರಿ ಎಂದರು. ನಾನು ಕಣ್ಣು ಮುಚ್ಚಿ ಆಲೋಚಿಸುತ್ತಿದ್ದೆ ಎಂದು ಸಮಜಾಯಿಷಿ ಕೊಟ್ಟೆ. ಹುಡುಗರು ನಕ್ಕ ರೀತಿ ನೋಡಿದರೆ ನಾನು ಆಲೋಚಿಸುತ್ತಾ ಗೊರಕೆಯನ್ನೂ ಹೊಡೆದಿರಬೇಕು.

ಆ ತರಗತಿಯಲ್ಲಿ ಸುತ್ತಲಿನ ನಾಲ್ಕು ತಾಲ್ಲೂಕಿನ ಮಕ್ಕಳಿದ್ದರು. ದೂರದ ಹ್ಯಾಂಡ್‌ಪೋಸ್ಟ್ ಕಡೆಯ ಬಸ್ಸು ಹಿಡಿಯುವವರ ಕಣ್ಣು ಮೂರೂವರೆಗೇ ಕಿಟಕಿಯ ಆಚೆಗೆ ಹೋಗುತ್ತಿತ್ತು. ಆದರೂ ನನಗೆ ಈ ಗುರುವಾರಗಳು ಹಿಡಿಸಿದ್ದವು. ಇಪ್ಪತ್ತೈದು ವರ್ಷ ಒಂದೇ ನೋಟ್ಸು ಓದಿದವನಿಗೆ, ನಾಳೆ ಏನು ಕೇಳುತ್ತಾರೋ ಎಂಬ ಹೆದರಿಕೆ ಎಷ್ಟು ರುಚಿಯಾಗಿರುತ್ತದೆ ಎಂದು ನಿಮಗೆ ಹೇಗೆ ವಿವರಿಸಲಿ.

ಭೂಮಿ ಬಿಸಿಯಾಗುವ ಪಾಠ ನನ್ನ ಪಾಲಿಗೆ ಬಂತು. ಹಿಂದೊಮ್ಮೆ ತರಬೇತಿಗೆ ಹೋದಾಗ ದೊಡ್ಡ ಊರಿನ ಪ್ರೊಫೆಸರೊಬ್ಬರು ಗೊಣಗಿದ್ದರು, ಎರಡು ಡಿಗ್ರಿ ಹೆಚ್ಚಾದರೆ ಏನು ಮುಳುಗಿಹೋಗುತ್ತದೆ ಎಂದು ಹುಡುಗರು ಕೇಳುತ್ತಾರಂತೆ. ನಾನು ಆ ಪ್ರಶ್ನೆಗೆ ಮೂರು ಉದಾಹರಣೆ ಇಟ್ಟುಕೊಂಡು ಹೋಗಿದ್ದೆ. ಬೇಕಾಗಲಿಲ್ಲ. ಎರಡನೇ ಬೆಂಚಿನ ರಕ್ಷಿತಾ ಎದ್ದು ನಿಂತಳು. ಪಿರಿಯಾಪಟ್ಟಣ ಕಡೆಯ ಹಳ್ಳಿಯವಳು, ಬಿ.ಎಸ್ಸಿ., ಯಾವಾಗಲೂ ಮೊದಲು ಬಂದು ಕೂರುವವಳು.

“ಸೊಪ್ಪು ಹಳದಿ ಬರೋವಾಗ ಎರ್ಡು ಡಿಗ್ರಿ ಎಚ್ಚುಕಮ್ಮಿ ಆದ್ರೆ ಬ್ಯಾರನ್ ಪೂರ್ತಾ ಓಯ್ತು ಸಾರ್,” ಎಂದಳು.

ನಿಮ್ಮಲ್ಲಿ ಬ್ಯಾರನ್ ನೋಡದವರಿದ್ದರೆ ಹೇಳಿಬಿಡುತ್ತೇನೆ. ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆ ಅದು. ಕಡ್ಡಿಗೆ ಕಟ್ಟಿದ ಹಸಿ ಎಲೆಗಳನ್ನು ಒಳಗೆ ಸಾಲುಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ಹಾಕಿ, ಸುಮಾರು ಒಂದು ವಾರ ಹಗಲೂ ರಾತ್ರಿ ಶಾಖ ಕೊಡುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ಗುಡಿಗಿಂತ ಮೊದಲು ಕಾಣುವುದು ಇದೇ. ಅವಳ ಮಾತು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಇನ್ನೂ ಯಾರ ಯಾರ ಮನೆಯಲ್ಲಿ ಬ್ಯಾರನ್ ಇದೆ, ಕೈಯೆತ್ತಿ ಎಂದುಬಿಟ್ಟೆ. ರಕ್ಷಿತಾ ಎತ್ತಿದಳು. ಮಿಕ್ಕವರು ಅಕ್ಕಪಕ್ಕ ನೋಡಿಕೊಂಡು ಸುಮ್ಮನಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಮಾದೇಶ ಎದ್ದ. ಕಾಕನಕೋಟೆಯ ಕಾಡಂಚಿನ ಹುಡುಗ, ಬಿ.ಎ. ಓದುವವನು.

“ನಿಮ್ ಒಲೆಗೆ ಅಂತ ನಮ್ ಕಡೆಯಿಂದ ಲೋಡ್‌ಗಟ್ಲೆ ಮರ ಬತ್ತದೆ. ಮರ ಕಡುದ್ ಮೇಲೆ ಆನೆ ಎಲ್ಲಿರ್ಬೇಕು? ನಮ್ ರಾಗಿ ಒಲುಕ್ಕೆ ಬತ್ತವೆ,” ಎಂದ.

ರಕ್ಷಿತಾ ತಮ್ಮ ಮನೆಯದು ತಾವೇ ಬೆಳೆದ ನೀಲಗಿರಿ ಎಂದು ಸಣ್ಣ ದನಿಯಲ್ಲಿ ಹೇಳಿದಳು. ಯಾರೋ ಕ್ಯಾನ್ಸರ್ ಎಂದರು. ಯಾರೋ ನಕ್ಕರು. ಎಲ್ಲ ಕಣ್ಣೂ ಆ ಒಂದು ಹುಡುಗಿಯ ಮೇಲೆ. ಅವಳು ನನ್ನ ಕಡೆ ನೋಡಿದಳು, ಮೇಷ್ಟ್ರು ಏನಾದರೂ ಹೇಳುತ್ತಾರೆ ಎಂದು. ನಾನು ಬೋರ್ಡಿನ ಕಡೆ ತಿರುಗಿ ‘ಉಷ್ಣತೆ’ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದೆ.

ಯಾಕೆ ತಿರುಗಿದೆ ಎಂದು ಕೇಳುತ್ತೀರಾ? ನಮ್ಮ ಮನೆಯಲ್ಲೂ ಬ್ಯಾರನ್ ಇದೆ. ಪಿರಿಯಾಪಟ್ಟಣದ ದಾರಿಯಲ್ಲಿ ನಮ್ಮೂರು, ಅಲ್ಲಿ ತಮ್ಮ ಮತ್ತು ಅವನ ಸಂಸಾರ, ಜೊತೆಗೆ ನಮ್ಮವ್ವ. ಒಲೆಗೆ ಸೌದೆ ಹಾಕುವವನು ತಮ್ಮನಾದರೂ ಹೊಗೆಸೊಪ್ಪು ಬೆಳೆಯುವ ಲೈಸೆನ್ಸಿನಲ್ಲಿ ನನ್ನ ಹೆಸರೂ ಇದೆ. ನನ್ನ ಹಾಸ್ಟೆಲ್ಲು, ನನ್ನ ಎಂ.ಎಸ್ಸಿ., ನನ್ನ ಮೊದಲ ಕೈಗಡಿಯಾರ ಎಲ್ಲವೂ ಆ ಎಲೆಯಿಂದಲೇ ಬಂದದ್ದು. ಹೊಣೆಗಾರಿಕೆಯ ಪಾಠ ಹೇಳುವವನು ಇದನ್ನು ಹೇಳುವುದು ಹೇಗೆ? ಅದಕ್ಕೇ ಗೆರೆ ಎಳೆದೆ.

ಮುಂದಿನ ಗುರುವಾರ ರಕ್ಷಿತಾ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಬೇರೆ ಕ್ಲಾಸುಗಳಿಗೂ ಬರುತ್ತಿಲ್ಲ ಎಂದರು ಗಣಿತದವರು. ಸೊಪ್ಪಿನ ಕಾಲ, ಮನೆಯಲ್ಲಿ ಕೆಲಸ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಈ ಮಾತು ನಿಜವೇ ಆಗಿದ್ದರೆ ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುವ ಅಗತ್ಯ ಬೀಳುತ್ತಿರಲಿಲ್ಲ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇನ್ನೆರಡು ವಾರ ತಪ್ಪಿದರೆ ಆ ಹುಡುಗಿಯ ವರ್ಷ ಹೋಗುತ್ತಿತ್ತು.

ಇಂಥ ಬಾಯಿಮುಚ್ಚುವ ವಿದ್ಯೆಯಲ್ಲಿ ನಾನು ಹೊಸಬನೇನಲ್ಲ. ಎರಡನೇ ಕ್ಲಾಸಿನಲ್ಲೇ ಪಾಸಾದವನು.

ಆಗ ನಮಗೆಲ್ಲ ಸ್ಲೇಟು. ಬರೆಯುವುದು ಬಳಪದಲ್ಲಿ, ಒರೆಸುವುದು ಎಂಜಲಿನಲ್ಲಿ. ಥೂ ಎಂದು ಉಗಿದು ಅಂಗೈಯಲ್ಲಿ ಉಜ್ಜಿದರೆ ಸ್ಲೇಟು ಮೋಡ ಕವಿದ ಹಾಗೆ ಬೆಳ್ಳಗಾಗುತ್ತಿತ್ತು. ನಮ್ಮ ಮೇಷ್ಟ್ರಿಗೆ ಇದು ಆಗದು, ವಿದ್ಯೆಗೆ ಉಗಿಯುತ್ತೀರಾ ಎಂದು ಗೆಣ್ಣಿನ ಮೇಲೆ ಬಾರಿಸುತ್ತಿದ್ದರು. ಹಾಗಾಗಿ ಒಂದು ತುಂಡು ಒದ್ದೆ ಬಟ್ಟೆ ಇಟ್ಟುಕೊಂಡ ಹುಡುಗನೇ ಆ ಕ್ಲಾಸಿನ ರಾಜ. ನಮ್ಮ ಮನೆಯಲ್ಲಿ ಸದಾ ಒದ್ದೆಯಾಗಿರುವ, ಮೆತ್ತಗಿನ ಬಿಳಿ ಬಟ್ಟೆ ಒಂದೇ ಕಡೆ ಇತ್ತು. ಬ್ಯಾರನ್ನಿನ ಕಿಟಕಿಯ ಒಳಗೆ, ಈ ಥರ್ಮಾಮೀಟರಿನ ತುದಿಯಲ್ಲಿ.

ಎರಡು ಕೊಳವೆ ಇರುವುದು ಸುಮ್ಮನೆ ಅಲ್ಲ. ಬೋಳು ಕೊಳವೆ ಶಾಖ ಹೇಳುತ್ತದೆ. ಒದ್ದೆ ಬಟ್ಟೆಯದು ಯಾವಾಗಲೂ ಅದಕ್ಕಿಂತ ಕೆಳಗೆ ನಿಲ್ಲುತ್ತದೆ. ಎಷ್ಟು ಕೆಳಗೆ ಎಂಬುದರಿಂದ ಒಳಗೆ ತೇವ ಎಷ್ಟಿದೆ ಎಂದು ತಿಳಿಯುತ್ತದೆ. ಎರಡೂ ಸಮ ಬಂದರೆ ಒಳಗೆಲ್ಲ ತೇವ ತುಂಬಿದೆ ಎಂದು ಅರ್ಥ, ಕಿಂಡಿ ತೆಗೆಯಬೇಕು. ಇದೆಲ್ಲ ಈಗ ಎಷ್ಟು ಚೆನ್ನಾಗಿ ಹೇಳುತ್ತೇನೆ ನೋಡಿ. ಆವತ್ತು ಮಧ್ಯಾಹ್ನ ಅಪ್ಪ ಒಲೆಯ ಪಕ್ಕ ಕಣ್ಣು ಮುಚ್ಚಿದ್ದಾಗ ಕಿಟಕಿ ತೆಗೆದು ಬಟ್ಟೆ ಎಳೆದುಕೊಂಡು ಓಡಿದೆ. ಅಪ್ಪ ಎದ್ದು ನೋಡಿದರು. ಎರಡೂ ಸಮ. ಗಾಬರಿಯಾಗಿ ಕಿಂಡಿಗಳನ್ನೆಲ್ಲ ತೆಗೆದರು. ಸೊಪ್ಪು ಹಳದಿ ತಿರುಗುವ ಮೊದಲೇ ಹಸಿರಾಗಿಯೇ ಒಣಗಿ ಗರಗರ ಆಯಿತು. ಹಸಿರು ಸೊಪ್ಪನ್ನು ಕೊಳ್ಳುವವರಿಲ್ಲ.

ಬಟ್ಟೆ ಯಾರು ತೆಗೆದದ್ದು ಎಂದು ಅಪ್ಪ ಅಂಗಳದಲ್ಲಿ ನಿಂತು ಕೇಳಿದರು. ನಾನು ಸ್ಲೇಟನ್ನು ಎದೆಗೆ ಅವುಚಿಕೊಂಡು ಕಂಬದ ಪಕ್ಕ ನಿಂತಿದ್ದೆ. ಅವ್ವ ಒಳಗಿನಿಂದ ಬಂದಳು, ಬೆರಳಿಗೆ ಸೀರೆಯ ಅಂಚಿನ ಚೂರು ಸುತ್ತಿಕೊಂಡಿದ್ದಳು.

“ನಾನೇ ತಗಂಡೆ. ಕೈ ಸುಟ್ಕಂಡಿದ್ದೆ,” ಎಂದಳು.

ಅಪ್ಪ ಎಂಟು ದಿನ ಅವ್ವನ ಜೊತೆ ಮಾತಾಡಲಿಲ್ಲ. ಮುದ್ದೆ ಬಡಿಸು ಎಂಬುದನ್ನೂ ನನ್ನ ಮೂಲಕವೇ ಹೇಳಿಕಳಿಸಿದರು. ಕಳ್ಳನೇ ಅಂಚೆಯವನಾಗಿ ಅಡುಗೆಮನೆಗೂ ಜಗುಲಿಗೂ ಓಡಾಡಿದೆ. ನಾನೇ ಎಂದು ಹೇಳಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಎಂಟನೇ ದಿನ ಅವರೇ ರಾಜಿಯಾದರು, ಹೇಳುವ ಅಗತ್ಯ ತಪ್ಪಿತು ಎಂದು ನಿಟ್ಟುಸಿರು ಬಿಟ್ಟೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವ್ವನಿಗಾದರೂ ಹೇಳಬಹುದಿತ್ತು. ಹೇಳಿರಲಿಲ್ಲ.

ಎಲ್ಲಿದ್ದೆ? ಹಾಂ, ರಕ್ಷಿತಾ ಬಾರದ ಎರಡನೇ ಗುರುವಾರ. ಕ್ಲಾಸು ಮುಗಿಸಿ ಗೇಟಿನ ಹತ್ತಿರ ನಿಂತಿದ್ದೆ. ಮಾದೇಶ ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಾ, ಕಾಡು ಉಳಿಸುವ ಬಗ್ಗೆ ನಾನು ಅವತ್ತು ಹೇಳಿದ್ದು ತುಂಬಾ ಚೆನ್ನಾಗಿತ್ತು ಎಂದು ಹೊಗಳುತ್ತಿದ್ದ. ನಾನು ವಿನಯದಿಂದ ತಲೆ ತಗ್ಗಿಸಿದ್ದೆ. ಆಗ ಸೌದೆ ತುಂಬಿದ ಒಂದು ಟ್ರ್ಯಾಕ್ಟರು ಸರಿಯಾಗಿ ನಮ್ಮ ಮುಂದೆ ಬಂದು ನಿಂತಿತು. ನಮ್ಮೂರಿನ ಸಿದ್ದರಾಜು ಮೇಲಿನಿಂದಲೇ ಬಗ್ಗಿ ಕೇಳಿದ, “ಸಾ, ನಿಮ್ ಬ್ಯಾರನ್ ತಾವೇ ಇಳುಸ್ಲಾ, ಇಲ್ಲ ತೋಟದ ತಾವ್ಕಾ?”

ಯಾವುದೋ ಊರಿನ ದಾರಿ ತೋರಿಸುವವನಂತೆ ನಾನು ಕೈಯನ್ನು ಪಿರಿಯಾಪಟ್ಟಣದ ದಿಕ್ಕಿಗೆ ಬೀಸಿದೆ. ಟ್ರ್ಯಾಕ್ಟರು ಹೋಯಿತು. ಮಾದೇಶ ಅದು ಹೋದ ದಿಕ್ಕನ್ನೇ ನೋಡಿದ. ಬಸ್ಸು ಬಂತು, ಹತ್ತಿದ.

ಸ್ಟಾಫ್ ರೂಮಿನಲ್ಲಿ ಜಬೀನಾ ಮೇಡಂ ಒಬ್ಬರೇ ಇದ್ದರು. ನನಗೆ ತಡೆಯಲಾಗದೆ ಎಲ್ಲವನ್ನೂ ಹೇಳಿದೆ, ಬ್ಯಾರನ್ನು, ಬೋರ್ಡಿನ ಗೆರೆ, ಟ್ರ್ಯಾಕ್ಟರು. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

“ನಮ್ಮಪ್ಪ ಮರ ಕೊಯ್ದೇ ನನ್ನನ್ನ ಓದ್ಸಿದ್ದು ಸರ್,” ಎಂದರು. “ಅದನ್ನ ಕ್ಲಾಸಲ್ಲಿ ನನ್ನ ಮೊದಲ ಪಾಠದಲ್ಲೇ ಹೇಳ್ದೆ. ನೀವು ಆಗ ಕಣ್ಮುಚ್ಚಿ ಆಲೋಚಿಸ್ತಿದ್ರಿ. ಆ ಹುಡುಗಿ ಒಬ್ಬಳೇ ಕೈಯೆತ್ತಿದಾಗ ನೀವೂ ಎತ್ತಿದ್ರೆ ಇಬ್ಬರಾಗ್ತಿದ್ರಿ. ಅಷ್ಟೇ ಬೇಕಾಗಿದ್ದು.”

ಮರುದಿನ ಬೈಕು ಹತ್ತಿ ರಕ್ಷಿತಾಳ ಊರಿಗೆ ಹೋದೆ. ಧೈರ್ಯಕ್ಕೆ ಹಾಜರಿ ಪುಸ್ತಕ ಬ್ಯಾಗಿನಲ್ಲಿತ್ತು. ಅಂಗಳದಲ್ಲಿ ಹೆಂಗಸರು ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದರು. ಅವರ ನಡುವೆ ಅವಳೂ ಇದ್ದಳು. ನನ್ನನ್ನು ಕಂಡವಳೇ ಎದ್ದು ಕೈ ಎರಡನ್ನೂ ಬೆನ್ನ ಹಿಂದೆ ಇಟ್ಟುಕೊಂಡಳು. ಹಸಿ ಸೊಪ್ಪಿನ ಅಂಟು ಹಿಡಿದು ಅಂಗೈ ಕಪ್ಪಾಗುತ್ತದೆ, ಸೋಪಿಗೆ ಹೋಗುವುದಿಲ್ಲ. ನನಗೆ ಗೊತ್ತು. ಹೈಸ್ಕೂಲಿನಲ್ಲಿ ನಾನೂ ಹಾಗೆಯೇ ಬಚ್ಚಿಡುತ್ತಿದ್ದೆ.

ಅವಳ ತಾಯಿ ಕುರ್ಚಿ ತಂದು ಹಾಕಿ, ನೀರು ಕೊಟ್ಟು, ನನ್ನ ಸಮಾಧಾನದ ಕೊನೆಯ ಎಳೆಯನ್ನೂ ಕಿತ್ತುಹಾಕಿದರು. “ಕೆಲ್ಸುಕ್ಕೆ ಆಳವ್ರೆ ಸಾ. ಕಾಲೇಜ್ಗೋಗು ಅಂದ್ರೆ ಇವ್ಳೇ ಒಲ್ಲೆ ಅಂತಾಳೆ. ಏನಾಯ್ತು ಅಂದ್ರೆ ಬಾಯ್ಬುಡಲ್ಲ.”

ಏನಾಯ್ತು ಎಂದು ಹೇಳಬೇಕಾದವನು ಕುರ್ಚಿಯ ಮೇಲೆ ಕೂತಿದ್ದ. ಎದ್ದು ಬ್ಯಾರನ್ನಿನ ಕಡೆ ಹೆಜ್ಜೆ ಹಾಕಿದೆ, ನೋಡುವವನ ಹಾಗೆ. ಆ ತಾಯಿಯೂ ಬಂದು ಕಿಟಕಿ ತೆರೆದು ಇಣುಕಿ, ತೇವ ಜಾಸ್ತಿಯಾಗಿದೆ, ಕಿಂಡಿ ತೆಗೆಯಬೇಕು ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಕಿಂಡಿ ಎಳೆಯುವ ಹಗ್ಗಕ್ಕೆ ಕೈಹಾಕಿದರು. ನಾನೂ ಇಣುಕಿದೆ. ಎರಡೂ ಕೊಳವೆ ಸಮ. ಬೇರೆ ಯಾರೇ ಆದರೂ ಮೊದಲು ಅಂಕಿ ನೋಡುತ್ತಾರೆ. ನಾನು ಎರಡನೇ ಕ್ಲಾಸಿನಿಂದ ಈಚೆಗೆ ಮೊದಲು ನೋಡುವುದು ಬಟ್ಟೆ.

“ತಗೀಬ್ಯಾಡಿ ಕಣವ್ವ,” ಎಂದೆ. “ಬಟ್ಟೆ ಒಣಗೋಗದೆ. ಬಟ್ಲಲ್ಲಿ ನೀರಿಲ್ಲ.”

ಕ್ಲಾಸಿನ ಭಾಷೆ ಎಲ್ಲಿ ಹೋಯಿತೋ, ಊರಿನ ಮಾತು ತಾನಾಗಿ ಬಂದುಬಿಟ್ಟಿತ್ತು. ರಕ್ಷಿತಾ ಚೊಂಬಿನಲ್ಲಿ ನೀರು ತಂದು ಬಟ್ಟಲಿಗೆ ಹುಯ್ದಳು. ಬಟ್ಟೆ ನೆನೆಯಿತು. ಮೂವರೂ ನೋಡುತ್ತಿದ್ದ ಹಾಗೆ ಒಂದು ಕೊಳವೆಯ ಪಾದರಸ ಮೆಲ್ಲಗೆ ಕೆಳಗಿಳಿಯಿತು. ಒಳಗಿನ ಸೊಪ್ಪು ಇನ್ನೂ ಅರ್ಧ ಹಳದಿ, ಅರ್ಧ ಹಸಿರು. ಉಳಿಯಿತು.

“ಸಾರ್, ನಿಮ್ಗೆಂಗೊತ್ತು ಇದು?” ಎಂದಳು ರಕ್ಷಿತಾ.

ಭೌತಶಾಸ್ತ್ರ ಎಂದು ಹೇಳಿಬಿಡಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ, ಆವಿಯಾಗುವಾಗ ತಂಪಾಗುವುದು ನನ್ನದೇ ಪಾಠ. ಮಾತು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಅವಳ ಕೈ ಕಣ್ಣಿಗೆ ಬಿತ್ತು. ನೀರು ಹುಯ್ಯುವ ಆತುರದಲ್ಲಿ ಬಚ್ಚಿಡಲು ಮರೆತಿದ್ದಳು.

“ನಮ್ಮನೇಲೂ ಬ್ಯಾರನ್ ಅದೆ ಕಣಮ್ಮ,” ಎಂದೆ.

ಅವಳು ಥಟ್ಟನೆ ಕೇಳಿದಳು, “ಮತ್ತೆ ಅವತ್ತು ಯಾಕೇಳ್ನಿಲ್ಲ?”

“ಎದುರ್ಕಂಡೆ.”

ಮೇಷ್ಟ್ರು ಹೆದರುತ್ತಾರೆ ಎಂಬುದು ಆ ಮಗುವಿಗೆ ಹೊಸ ಸಂಗತಿಯಾಗಿರಬೇಕು. ಸಿಟ್ಟು ಮಾಡುವುದೋ ನಗುವುದೋ ತಿಳಿಯದೆ ಚೊಂಬನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದಳು. ಗುರುವಾರ ಕ್ಲಾಸಿನಲ್ಲಿ ಇದನ್ನೇ ಹೇಳುತ್ತೀರಾ ಎಂದು ಕೇಳಿದಳು. ಹೇಳುತ್ತೇನೆ ಎಂದೆ. ಹಾಗಾದರೆ ಬರುತ್ತೇನೆ ಎಂದಳು. ಹಾಜರಿ ಪುಸ್ತಕ ಬ್ಯಾಗಿನಲ್ಲೇ ಉಳಿಯಿತು.

ಗುರುವಾರ ಬಂತು. ರಕ್ಷಿತಾ ಎರಡನೇ ಬೆಂಚಿನಲ್ಲಿದ್ದಳು. ಜಬೀನಾ ಮೇಡಂ ಪಕ್ಕ ಪುಟ್ಟಸ್ವಾಮಿಯೂ ಅವತ್ತು ಕಣ್ಣು ತೆರೆದೇ ಕೂತಿದ್ದರು. ನಾನು ಬೋರ್ಡಿಗೆ ಬೆನ್ನು ಹಾಕಿ ನಿಂತು, ಹಿಂದೆ ಕೇಳಿದ್ದ ಪ್ರಶ್ನೆಯನ್ನೇ ಮತ್ತೆ ಕೇಳಿದೆ. ಯಾರ ಮನೆಯಲ್ಲಿ ಬ್ಯಾರನ್ ಇದೆ? ಕೇಳಿ ನನ್ನ ಕೈಯನ್ನೇ ಮೊದಲು ಎತ್ತಿದೆ. ರಕ್ಷಿತಾ ಎತ್ತಿದಳು. ಕಿಟಕಿಯ ಪಕ್ಕದ ಹುಡುಗನೊಬ್ಬ ಎತ್ತಿದ. ಆಮೇಲೆ ಒಂದೊಂದಾಗಿ, ಹಿಂದಿನ ಸಾಲಿನವರೆಗೂ. ಅವತ್ತು ಕ್ಯಾನ್ಸರ್ ಎಂದು ಕೂಗಿದವನ ಕೈಯೂ ಅದರಲ್ಲಿತ್ತು. ಅರ್ಧ ಕ್ಲಾಸು ಕೈಯೆತ್ತಿ ಕೂತು ಒಬ್ಬರನ್ನೊಬ್ಬರು ನೋಡಿಕೊಂಡು ನಗತೊಡಗಿತು.

ಮಾದೇಶ ಎದ್ದ.

“ಟ್ರ್ಯಾಕ್ಟರ್ ದಿವ್ಸಾನೇ ಗೊತ್ತಾಯ್ತು ಬುಡಿ ಸಾರ್,” ಎಂದ. “ಈಗ ಸೌದೆಗೇನ್ ಮಾಡದು, ಅದ್ನೇಳಿ.”

ಅದೇ ನೋಡಿ, ಆ ಪತ್ರಿಕೆ ನಿಜವಾಗಿ ಶುರುವಾದ ಗಳಿಗೆ. ಆ ಸೆಮಿಸ್ಟರು ಮಾದೇಶ, ರಕ್ಷಿತಾ ಇಬ್ಬರೂ ಸೇರಿ ಊರೂರಿನ ಬ್ಯಾರನ್ ಬಾಗಿಲಿನ ಸಂದುಗಳಲ್ಲಿ ಶಾಖ ಎಷ್ಟು ಸೋರಿಹೋಗುತ್ತದೆ ಎಂದು ಅಳೆದರು. ಸಂದು ಮುಚ್ಚುವುದು ಹೇಗೆ ಎಂದು ಜಬೀನಾ ಮೇಡಂ ತಮ್ಮ ತಂದೆಯನ್ನೇ ಕರೆತಂದು ಹೇಳಿಸಿದರು. ಒಲೆ ಸ್ವಲ್ಪ ಕಡಿಮೆ ಸೌದೆ ತಿಂದಿತು. ಆನೆಗಳಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ, ಮಾದೇಶನ ಹೊಲಕ್ಕೆ ಬರುತ್ತಲೇ ಇವೆ. ಅವನೂ ಪ್ರಶ್ನೆ ಕೇಳುವುದು ಬಿಟ್ಟಿಲ್ಲ.

ಕ್ಲಾಸಿನಲ್ಲಿ ಬಾಯಿಬಿಟ್ಟ ರುಚಿಗೆ, ಕೈಯೆತ್ತಿದ ಆ ವಾರದ ಭಾನುವಾರವೇ ಊರಿಗೆ ಹೋಗಿದ್ದೆ. ಅವ್ವ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತಮ್ಮ ಬ್ಯಾರನ್ನಿಗೆ ಹೊಸದಾಗಿ ಅಂಕಿ ಮಿನುಗುವ ಯಂತ್ರ ಹಾಕಿಸಿದ್ದ, ಹಳೆಯ ಥರ್ಮಾಮೀಟರು ಹಲಗೆ ಸಮೇತ ಮೂಲೆಯಲ್ಲಿ ಬಿದ್ದಿತ್ತು. ನಾನು ಪಕ್ಕದಲ್ಲಿ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡೆ. ಸುಲಿಯುತ್ತಾ ಸುಲಿಯುತ್ತಾ, ಆ ಬಟ್ಟೆ ತೆಗೆದದ್ದು ನಾನು ಕಣವ್ವ ಎಂದೆ. ಯಾವ ಬಟ್ಟೆ, ಯಾವ ವರ್ಷ, ಒಂದನ್ನೂ ಅವಳು ಕೇಳಲಿಲ್ಲ. ಎದ್ದು ಮೂಲೆಯಲ್ಲಿದ್ದ ಹಲಗೆ ತಂದು, ಸೆರಗಿನಿಂದ ಧೂಳು ಒರೆಸಿ, ನನ್ನ ತೊಡೆಯ ಮೇಲಿಟ್ಟಳು.

“ಗೊತ್ತು ಕಣ್ಲಾ ಮಗ,” ಎಂದಳು. “ನಿನ್ ಸಿಲೇಟು ಅಷ್ಟು ಚೆಂದಾಗಿ ಒರ್ಸಿದ್ದು ಅವತ್ತೊಂದೇ ದಿವ್ಸ.”